ವಿಲ್‌ಶೈರ್ ರಸ್ತೆಯ ಕೊರಿಯನ್ನರು, ಇರಾನಿಯರು

ಲಾಸ್ ಏಂಜಲಿಸ್ ನಗರದ ನಡುಮಧ್ಯದಿಂದ ಹೊರಟು ಸಾಂಟಾ ಮೋನಿಕಾದ ಕಡಲಿಗೆ ಮುಟ್ಟುವ ವಿಲ್‌ಶೈರ್ ಬುಲೆವಾರ್ಡ್ ಸುಮಾರು 25 ಕಿಲೋಮೀಟರ್ ಉದ್ದದ ರಸ್ತೆ. 720 ನಂಬರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಪಶ್ಚಿಮಕ್ಕೆ ಹೊರಟರೆ ಮೊದಲು ಸಿಗುವುದು ಕೊರಿಯಾಟೌನ್. ಬ್ಯಾಂಕು, ಹಲ್ಲಿನ ಡಾಕ್ಟರು, ವಕೀಲರು, ಚರ್ಚು, ಎಲ್ಲದರ ಬೋರ್ಡೂ ಹಂಗುಲ್ ಎಂಬ ಕೊರಿಯನ್ ಲಿಪಿಯಲ್ಲಿ. ಮುಂದೆ ಬೆವರ್ಲಿ ಹಿಲ್ಸ್. ಅದನ್ನೂ ದಾಟಿದರೆ ವೆಸ್ಟ್‌ವುಡ್. ಅಲ್ಲಿ ಇಳಿದು ಎಡಕ್ಕೆ ನಡೆದರೆ ಲಿಪಿ ಬದಲಾಗಿ ಇರಾನಿಯರ ಫಾರ್ಸಿ ಆಗುತ್ತದೆ: ಕಬಾಬಿನ ಹೋಟೆಲು, ಪುಸ್ತಕದಂಗಡಿ, ಕೇಸರಿ ಹಾಕಿದ ಐಸ್‌ಕ್ರೀಮ್. ತೆಹ್ರಾಂಜಲಿಸ್ ಅಂತ ಊರವರೇ ಇಟ್ಟ ಅಡ್ಡಹೆಸರು ಈ ಕಡೆಗೆ.

ಎರಡೂ ಸಮುದಾಯಗಳಿಗೆ ಅವರವರ ದೇಶದ ಹೊರಗಿರುವ ಬಹುದೊಡ್ಡ ನೆಲೆಗಳಲ್ಲಿ ಒಂದು ಇದೇ ಊರು. ಇಬ್ಬರೂ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, 1970ರ ಮತ್ತು 80ರ ದಶಕಗಳಲ್ಲಿ. ಇಬ್ಬರಲ್ಲೂ ಕಾಲೇಜು ಓದಿದವರು ತುಂಬ. ಸ್ವಂತ ವ್ಯಾಪಾರ ಮಾಡುವವರ ಪ್ರಮಾಣ ಅಮೆರಿಕದ ಸರಾಸರಿಗಿಂತ ಎಷ್ಟೋ ಹೆಚ್ಚು. ಆದರೂ ಅರ್ಧ ಶತಮಾನದ ನಂತರ ಇಬ್ಬರ ಕಥೆ ಬೇರೆಬೇರೆಯಾಗಿದೆ. ಯಾಕೆ ಎಂಬ ಪ್ರಶ್ನೆಗೆ ನಮ್ಮ ಕನ್ನಡ ಕೂಟದ ಯುಗಾದಿ ಊಟದ ಸಾಲಿನಲ್ಲಿ ಹಿರಿಯರೊಬ್ಬರು ಕೊಡುವ ಉತ್ತರ ಹೀಗೆ: "ಕೊರಿಯನ್ನರು ಮೈಮುರಿದು ದುಡೀತಾರೆ, ಇರಾನಿನವರು ದುಡ್ಡು ತಗೊಂಡೇ ಬಂದ್ರು, ನಾವು ತಲೆ ತಗೊಂಡು ಬಂದ್ವಿ ಕಣ್ರೀ." ಕೇಳಲು ಸೊಗಸಾಗಿದೆ. ಎಲ್ಲರೂ ನಗುತ್ತಾರೆ, ಹೋಳಿಗೆ ಮುಂದಕ್ಕೆ ಹೋಗುತ್ತದೆ.

ನನಗೆ ಈ ಮಾತು ಒಪ್ಪಿಗೆಯಿಲ್ಲ. ದುಡಿಮೆ, ದುಡ್ಡು, ತಲೆ ಮೂರೂ ನಿಜವೇ ಇರಬಹುದು. ಆದರೆ ಅವನ್ನು ಒಂದೊಂದು ಜನಾಂಗದ ಹುಟ್ಟುಗುಣ ಎಂಬಂತೆ ಹಂಚಿಬಿಟ್ಟರೆ, ಆಯಾ ದೇಶದಿಂದ ವಿಮಾನ ಹತ್ತಿದವರು ಯಾರು, ಯಾವ ಬಾಗಿಲಿನಿಂದ ಒಳಗೆ ಬಂದರು, ಬಂದಾಗ ಇಲ್ಲಿ ಯಾವ ಜಾಗ ಖಾಲಿಯಿತ್ತು ಎಂಬುದನ್ನು ಕೇಳುವ ಅಗತ್ಯವೇ ಬೀಳುವುದಿಲ್ಲ.

ಕೊರಿಯನ್ನರಿಂದ ಶುರುಮಾಡೋಣ. 1903ರಲ್ಲೇ ಒಂದಷ್ಟು ಜನ ಹವಾಯಿಯ ಕಬ್ಬಿನ ತೋಟಗಳಿಗೆ ಕೂಲಿಗೆ ಬಂದಿದ್ದರು, ಕೂಲಿಗಳ ಆ ದಾರಿ 1905ರಲ್ಲೇ ಮುಚ್ಚಿತು, 1924ರ ಕಾನೂನು ಉಳಿದ ವಲಸೆಗೂ ಬಾಗಿಲು ಹಾಕಿತು. ಈಗಿನ ಸಮುದಾಯದ ಬೇರು ಇರುವುದು 1965ರ ವಲಸೆ ಕಾನೂನಿನಲ್ಲಿ. ದೇಶವಾರು ಪಕ್ಷಪಾತದ ಹಳೇ ಕೋಟಾ ತೆಗೆದು, ಕೌಶಲಕ್ಕೂ ಕುಟುಂಬ ಸಂಬಂಧಕ್ಕೂ ಆದ್ಯತೆ ಕೊಟ್ಟ ಕಾನೂನು ಅದು. ಅತ್ತ ದಕ್ಷಿಣ ಕೊರಿಯಾ ಯುದ್ಧದಿಂದ ಜರ್ಜರಿತವಾದ ಬಡದೇಶ. ಪಾರ್ಕ್ ಚುಂಗ್ ಹೀ ಸರ್ಕಾರ 1962ರಲ್ಲಿ ಜನರನ್ನು ಹೊರಗೆ ಕಳಿಸುವುದಕ್ಕೆಂದೇ ಒಂದು ಕಾನೂನು ತಂದಿತ್ತು. ಜನಸಂಖ್ಯೆಯ ಒತ್ತಡ ಇಳಿಯಲಿ, ಡಾಲರು ಬರಲಿ ಎಂಬ ಲೆಕ್ಕ. ಮೊದಲು ಬಂದವರಲ್ಲಿ ನರ್ಸುಗಳು, ಔಷಧ ಪದವೀಧರರು, ವೈದ್ಯರು ಇದ್ದರು. ಅವರು ಪೌರತ್ವ ಪಡೆದು ಅಣ್ಣತಮ್ಮಂದಿರನ್ನು, ಅಪ್ಪಅಮ್ಮನನ್ನು ಕರೆಸಿಕೊಂಡರು. 1980ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಬರುತ್ತಿದ್ದರು. ಸಿಯೋಲ್‌ನ ಕಾಲೇಜಿನಲ್ಲಿ ಓದಿ ಅಲ್ಲಿ ಆಫೀಸಿನಲ್ಲಿದ್ದ ಮನುಷ್ಯ ಇಲ್ಲಿಗೆ ಬಂದರೆ ಇಂಗ್ಲಿಷ್ ಕೈಹಿಡಿಯುವುದಿಲ್ಲ, ಪದವಿಗೆ ಬೆಲೆಯಿಲ್ಲ, ಲೈಸೆನ್ಸು ಸಿಗುವುದಿಲ್ಲ. ಉಳಿದದ್ದು ಅಂಗಡಿ.

ಅಂಗಡಿಗೆ ಬಂಡವಾಳ? ಇಲ್ಲಿ ಬರುತ್ತದೆ ಕ್ಯೆ. ಹತ್ತು-ಇಪ್ಪತ್ತು ಜನ ಸೇರಿ ತಿಂಗಳಿಗಿಷ್ಟು ಅಂತ ಹಾಕಿ, ಪ್ರತಿ ತಿಂಗಳು ಒಬ್ಬೊಬ್ಬರು ಒಟ್ಟು ಮೊತ್ತ ಎತ್ತುವ ಏರ್ಪಾಟು. ಮಂಡ್ಯದ ಹೆಂಗಸರಿಗೆ ಇದನ್ನು ವಿವರಿಸಬೇಕಾಗಿಲ್ಲ, ನಮ್ಮ ಚೀಟಿಯೇ ಅದು. ಮೊದಲ ತಿಂಗಳು ಎತ್ತಿದವನು ಬಾಕಿ ಕಂತು ಕಟ್ಟದೆ ಪರಾರಿಯಾಗುವ ಭಯವೂ ಅದೇ, ಹಾಗಾಗದಂತೆ ತಡೆಯುವ ಮುಲಾಜೂ ಅದೇ. ಬ್ಯಾಂಕು ಸಾಲದ ಅರ್ಜಿಯನ್ನೂ ಕೊಡದ ಜನಕ್ಕೆ ಚರ್ಚಿನ ಪರಿಚಯವೇ ಜಾಮೀನು. ಕೊರಿಯನ್ ಚರ್ಚೆಂದರೆ ಪ್ರಾರ್ಥನೆಯ ಜಾಗ ಮಾತ್ರ ಅಲ್ಲ. ಬಾಡಿಗೆ ಮನೆ, ಕೆಲಸ, ಮಾರಾಟಕ್ಕಿರುವ ಅಂಗಡಿ, ಗಂಡು-ಹೆಣ್ಣು, ಎಲ್ಲದರ ಸುದ್ದಿ ಸಿಗುವುದು ಭಾನುವಾರದ ಆರಾಧನೆ ಮುಗಿದ ಮೇಲಿನ ಊಟದಲ್ಲಿ. ಸಾಲದ್ದಕ್ಕೆ ತವರು ದೇಶದ ರಫ್ತು ಕೂಡ ಜೊತೆಗಿತ್ತು. ಆಗ ಕೊರಿಯಾ ಜಗತ್ತಿಗೆ ಟೋಪನ್ ಮಾರುತ್ತಿದ್ದ ದೇಶ. ಇಲ್ಲಿ ಕಪ್ಪು ಜನರ ಬಡಾವಣೆಗಳಲ್ಲಿ ಟೋಪನ್ನಿನ ಅಂಗಡಿ ಇಟ್ಟವರಿಗೆ ಮಾಲು ಊರಿಂದಲೇ ಬರುತ್ತಿತ್ತು. ಆಮೇಲೆ ಮದ್ಯದಂಗಡಿ, ಕಿರಾಣಿ, ಡ್ರೈ ಕ್ಲೀನಿಂಗ್, ಬಟ್ಟೆ ಹೊಲಿಗೆ.

ಖಾಲಿಯಿದ್ದ ಜಾಗ ಎಂದೆನಲ್ಲ, ಅದು ಇದು. 1965ರಲ್ಲಿ ಕಪ್ಪು ಜನರ ವಾಟ್ಸ್ ಬಡಾವಣೆಯಲ್ಲಾದ ಗಲಭೆಯ ನಂತರ ಲಾಸ್ ಏಂಜಲಿಸ್‌ನ ದಕ್ಷಿಣ ಭಾಗದಿಂದ ಯಹೂದಿ ವ್ಯಾಪಾರಿಗಳು ಒಬ್ಬೊಬ್ಬರಾಗಿ ಅಂಗಡಿ ಮಾರಿ ಹೊರಟರು. ದೊಡ್ಡ ಸೂಪರ್‌ಮಾರ್ಕೆಟ್ ಕಂಪನಿಗಳಂತೂ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅಂಗಡಿ ಅಗ್ಗ, ಪೈಪೋಟಿ ಕಡಿಮೆ, ಅಪಾಯ ಜಾಸ್ತಿ. ಬೇರೆ ಯಾರಿಗೂ ಬೇಡವಾದ ಆ ಗಲ್ಲಾಪೆಟ್ಟಿಗೆಯ ಹಿಂದೆ ಕೊರಿಯನ್ ಗಂಡಹೆಂಡಿರು ದಿನಕ್ಕೆ ಹದಿನಾಲ್ಕು ಗಂಟೆ ನಿಂತರು. ಸಂಬಳದ ಆಳು ಬೇಡ, ಮನೆಯವರೇ ಆಳು. ಇದನ್ನು ನೋಡಿ ನಾವು "ಅಬ್ಬಾ, ಕಷ್ಟಜೀವಿಗಳು" ಅನ್ನುತ್ತೇವೆ. ಆಫೀಸಿನ ಕೆಲಸ ಸಿಕ್ಕಿದ್ದರೆ ಅವರಲ್ಲಿ ಎಷ್ಟು ಜನ ಅಲ್ಲಿ ನಿಲ್ಲುತ್ತಿದ್ದರು?

ಇನ್ನು ಇರಾನಿಯರು. ಅವರ ಮೊದಲ ಅಲೆ ವಲಸೆಯೇ ಅಲ್ಲ, ವಿದ್ಯಾರ್ಥಿಗಳದ್ದು. 1973ರ ನಂತರ ಎಣ್ಣೆಯ ದುಡ್ಡು ಹರಿದಾಗ ದೊರೆ ಶಾ ಆಳುತ್ತಿದ್ದ ಇರಾನಿನ ಮಧ್ಯಮವರ್ಗ ಮಕ್ಕಳನ್ನು ಎಂಜಿನಿಯರಿಂಗ್ ಓದಲು ಇಲ್ಲಿಗೆ ಕಳಿಸಿತು. 1970ರ ದಶಕದ ಕೊನೆಗೆ ಅಮೆರಿಕದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳಲ್ಲಿ ಇರಾನಿಯರದ್ದೇ ದೊಡ್ಡ ಗುಂಪು, ಸುಮಾರು ಐವತ್ತು ಸಾವಿರ. 1979ರಲ್ಲಿ ಶಾನನ್ನು ಉರುಳಿಸಿದ ಇಸ್ಲಾಮಿಕ್ ಕ್ರಾಂತಿಯಾಯಿತು, ಓದಲು ಬಂದ ಹುಡುಗ ವಾಪಸು ಹೋಗುವ ದಾರಿ ಮುಚ್ಚಿತು. ಅಪ್ಪಅಮ್ಮ, ಅಕ್ಕಭಾವ ಅವನಿದ್ದಲ್ಲಿಗೆ ಬಂದರು. ಬಂದವರಲ್ಲಿ ಸೇನಾಧಿಕಾರಿಗಳು, ಕಾರ್ಖಾನೆ ಒಡೆಯರು, ವೈದ್ಯರು, ಶಾ ಸರ್ಕಾರದ ಅಧಿಕಾರಿಗಳು. ಹೊಸ ಆಡಳಿತದಲ್ಲಿ ಬದುಕುವುದು ಕಷ್ಟವೆನಿಸಿದ ಯಹೂದಿಗಳು, ಬಹಾಯಿಗಳು, ಆರ್ಮೇನಿಯನ್ ಕ್ರೈಸ್ತರು. ಅಂದರೆ ಇರಾನಿನ ಸಮಾಜದ ಒಂದು ಮೇಲ್ಪದರವನ್ನು ಕ್ರಾಂತಿಯೇ ಎತ್ತಿ ಹೊರಗೆ ಹಾಕಿತ್ತು. ಅಮೆರಿಕದ ರಾಯಭಾರ ಕಚೇರಿ ಮುಚ್ಚಿದ ಮೇಲೆ ವೀಸಾ ಬೇಕಾದರೆ ಟರ್ಕಿಯಂಥ ಮೂರನೇ ದೇಶಕ್ಕೆ ಹೋಗಿ ತಿಂಗಳುಗಟ್ಟಲೆ ಕಾಯಬೇಕು. ಆ ಖರ್ಚು ಭರಿಸಲಾಗದವನು ಬರಲೇ ಇಲ್ಲ.

ಎಲ್ಲರೂ ಸೂಟ್‌ಕೇಸಿನಲ್ಲಿ ಡಾಲರು ತುಂಬಿಕೊಂಡು ಬಂದರು ಎಂಬುದು ಕಟ್ಟುಕಥೆ. ಆಸ್ತಿ ಮುಟ್ಟುಗೋಲಾಗಿ ಉಟ್ಟ ಬಟ್ಟೆಯಲ್ಲಿ ಗಡಿ ದಾಟಿದವರು ಸಾಕಷ್ಟು ಮಂದಿ. ಆದರೆ ದುಡ್ಡು ಹೋದರೂ ಕೆಲವು ವಸ್ತುಗಳನ್ನು ಮುಟ್ಟುಗೋಲು ಹಾಕಿಕೊಳ್ಳಲು ಆಗುವುದಿಲ್ಲ: ಇಂಗ್ಲಿಷು, ಅಮೆರಿಕನ್ ಪದವಿ, ಬ್ಯಾಂಕ್ ಮ್ಯಾನೇಜರನ ಎದುರು ಕೂತು ಮಾತಾಡುವ ಧೈರ್ಯ. ವೆಸ್ಟ್‌ವುಡ್‌ನ ಪಕ್ಕದಲ್ಲೇ ಇರುವ ಯುಸಿಎಲ್‌ಎ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು 80ರ ದಶಕದಲ್ಲೇ ಈ ಎರಡೂ ಸಮುದಾಯಗಳನ್ನು ಹತ್ತಿರದಿಂದ ನೋಡಿದ್ದಾರೆ. ಐವನ್ ಲೈಟ್ ಎಂಬುವರು ಜನಾಂಗದ ಒಗ್ಗಟ್ಟಿನಿಂದ ಬರುವ ಬಲ ಬೇರೆ, ವರ್ಗದಿಂದ ಬರುವ ಬಲ ಬೇರೆ ಎಂದು ವಿಂಗಡಿಸಿದರು. ಕೊರಿಯನ್ನರು ಮೊದಲನೆಯದನ್ನು ಹೆಚ್ಚು ಬಳಸಿದರು, ಇರಾನಿಯರು ಎರಡನೆಯದನ್ನು. ಇರಾನಿ ವ್ಯಾಪಾರಿಗೆ ಚೀಟಿ ಗುಂಪಿನ ಹಂಗು ಅಷ್ಟಾಗಿ ಬೇಕಾಗಲಿಲ್ಲ. ಮೆಹದಿ ಬೊಜೋರ್ಗ್‌ಮೆಹರ್ ಮತ್ತು ಜಾರ್ಜ್ ಸಬಾಗ್ ಇನ್ನೂ ಒಂದು ಸೂಕ್ಷ್ಮ ಗಮನಿಸಿದರು: ಇರಾನಿಯರದ್ದು ಒಂದು ಸಮುದಾಯವೇ ಅಲ್ಲ, ಒಳಗೇ ನಾಲ್ಕಾರು. ಯಹೂದಿಗಳು ಬೆವರ್ಲಿ ಹಿಲ್ಸ್ ಕಡೆ, ಆರ್ಮೇನಿಯನ್ನರು ಗ್ಲೆಂಡೇಲ್‌ನಲ್ಲಿ ಅದಾಗಲೇ ಇದ್ದ ತಮ್ಮವರ ಜೊತೆ. ಕೊರಿಯನ್ನರಿಗೆ ಚರ್ಚು ಇದ್ದ ಹಾಗೆ ಎಲ್ಲರನ್ನೂ ಒಟ್ಟು ಹಾಕುವ ಸಂಸ್ಥೆ ಇರಾನಿಯರಿಗೆ ಸಿಗಲಿಲ್ಲ. ಒಟ್ಟಾಗಿ ಸೇರುವುದು ಹೊಸವರ್ಷದ ನೌರೂಜ್ ಹಬ್ಬಕ್ಕೆ, ನಮ್ಮ ಯುಗಾದಿಯ ಆಸುಪಾಸಿನಲ್ಲಿ.

ಹಾಗಂತ ಇರಾನಿಯರ ಹಾದಿ ಹೂವಿನದಾಗಿತ್ತೇ? 1979ರ ನವೆಂಬರ್ 4ರಂದು ತೆಹ್ರಾನಿನ ರಾಯಭಾರ ಕಚೇರಿಯಲ್ಲಿ ಅಮೆರಿಕನ್ನರು ಒತ್ತೆಯಾಳುಗಳಾದರು. 444 ದಿನ ಪ್ರತಿ ರಾತ್ರಿ ಟೀವಿಯಲ್ಲಿ ಅದೇ ಸುದ್ದಿ. ಇರಾನಿ ವಿದ್ಯಾರ್ಥಿಗಳೆಲ್ಲ ವಲಸೆ ಕಚೇರಿಗೆ ಬಂದು ಹಾಜರಿ ಹಾಕಬೇಕೆಂದು ಕಾರ್ಟರ್ ಆಡಳಿತ ಆಜ್ಞೆ ಹೊರಡಿಸಿತು. ಯಾರನ್ನು ಬಿಟ್ಟು ಓಡಿಬಂದರೋ ಅವರ ಪಾಪಕ್ಕೆ ಇವರು ಇಲ್ಲಿ ಬೈಗುಳ ತಿಂದರು. ಆದರೆ ಆ ದ್ವೇಷ ಬಂದದ್ದು ರಾಜಕೀಯದಿಂದ. ಅವರ ಅಂಗಡಿಯ ಬಾಗಿಲಿಗೆ ಬೆಂಕಿಯಾಗಿ ಬರುವ ಹಂತ ಮುಟ್ಟಲಿಲ್ಲ.

ಬೆಂಕಿ ಬಂದದ್ದು ಕೊರಿಯನ್ನರ ಬಾಗಿಲಿಗೆ.

1991ರ ಮಾರ್ಚಿನಲ್ಲಿ ದಕ್ಷಿಣ ಲಾಸ್ ಏಂಜಲಿಸ್‌ನ ಒಂದು ಅಂಗಡಿಯಲ್ಲಿ ಲತಾಶಾ ಹಾರ್ಲಿನ್ಸ್ ಎಂಬ 15 ವರ್ಷದ ಕಪ್ಪು ಹುಡುಗಿಯನ್ನು ಕೊರಿಯನ್ ಅಂಗಡಿಯೊಡತಿ ಗುಂಡಿಟ್ಟು ಕೊಂದಳು. ಜಗಳ ಹುಟ್ಟಿದ್ದು 1.79 ಡಾಲರಿನ ಕಿತ್ತಳೆ ರಸದ ಬಾಟಲಿಯಿಂದ. ನ್ಯಾಯಾಧೀಶರು ಕೊಟ್ಟದ್ದು ಪ್ರೊಬೇಷನ್, 400 ಗಂಟೆ ಸಮಾಜಸೇವೆ, 500 ಡಾಲರ್ ದಂಡ. ಜೈಲುವಾಸ ಇಲ್ಲ. ಅದೇ ತಿಂಗಳು ಕೆಲವೇ ದಿನ ಮೊದಲು ಪೊಲೀಸರು ಕಪ್ಪು ಯುವಕ ರಾಡ್ನಿ ಕಿಂಗ್‌ನನ್ನು ಬಡಿದ ವಿಡಿಯೋ ಹೊರಬಂದಿತ್ತು. 1992ರ ಏಪ್ರಿಲ್ 29ರಂದು ಆ ಪೊಲೀಸರು ಬಹುತೇಕ ಖುಲಾಸೆಯಾದಾಗ ಊರು ಹೊತ್ತಿಕೊಂಡಿತು. ಅರವತ್ತಕ್ಕೂ ಹೆಚ್ಚು ಜನ ಸತ್ತರು. ಒಟ್ಟು ನಷ್ಟ ಸುಮಾರು ನೂರು ಕೋಟಿ ಡಾಲರ್. ಅದರಲ್ಲಿ ನಲವತ್ತು ಪರ್ಸೆಂಟಿನಷ್ಟು ಕೊರಿಯನ್ನರದ್ದೇ, ಎರಡು ಸಾವಿರಕ್ಕೂ ಹೆಚ್ಚು ಅಂಗಡಿ. ಪೊಲೀಸರು ಬರಲಿಲ್ಲ. ಅವರು ವಿಲ್‌ಶೈರ್‌ನ ಪಶ್ಚಿಮದ ಶ್ರೀಮಂತ ಬಡಾವಣೆಗಳನ್ನು ಕಾಯುತ್ತ ನಿಂತಿದ್ದರು ಎಂಬ ಸಿಟ್ಟು ಕೊರಿಯನ್ನರಲ್ಲಿ ಇಂದಿಗೂ ಆರಿಲ್ಲ. ಕೊರಿಯನ್ ರೇಡಿಯೋ ಹಗಲೂ ರಾತ್ರಿ ಸಹಾಯ ಬೇಡುವವರ ಕರೆಗಳನ್ನು ಬಿತ್ತರಿಸಿತು. ಜನ ಬಂದೂಕು ಹಿಡಿದು ಅಂಗಡಿಗಳ ಮಾಳಿಗೆ ಹತ್ತಿದರು. ಆ ಗೊಂದಲದಲ್ಲಿ ತಮ್ಮವರ ಗುಂಡಿಗೇ ಬಲಿಯಾದ ಕೊರಿಯನ್ ಹುಡುಗನಿಗೆ 18 ವರ್ಷ.

ನಡುವಿನಲ್ಲಿ ನಿಂತ ವ್ಯಾಪಾರಿ ಸಮುದಾಯಗಳ ಗತಿಯ ಬಗ್ಗೆ ಸಮಾಜಶಾಸ್ತ್ರಜ್ಞೆ ಎಡ್ನಾ ಬೊನಾಸಿಚ್ 1970ರ ದಶಕದಲ್ಲೇ ಬರೆದಿದ್ದರು: ಮೇಲಿನವರ ಮಾಲನ್ನು ಕೆಳಗಿನವರಿಗೆ ಮಾರುವ ಹೊರಗಿನವನು, ಕೆಳಗಿನವರ ಸಿಟ್ಟು ಮೇಲಕ್ಕೆ ಮುಟ್ಟದಿದ್ದಾಗ ಅವನಿಗೆ ತಟ್ಟುತ್ತದೆ. ಉಗಾಂಡಾದಲ್ಲಿ ಗುಜರಾತಿಗಳಿಗೆ 1972ರಲ್ಲಿ ಆದದ್ದನ್ನು ಬಲ್ಲ ನಮಗೆ ಇದು ಹೊಸದೇನಲ್ಲ. ಆದರೆ ಕೊರಿಯನ್ನರು ಆ ಜಾಗಕ್ಕೆ ಹೋದದ್ದು ಬೇರೆ ಜಾಗ ಇಲ್ಲದ್ದಕ್ಕೆ. ಇರಾನಿಯರು ಆ ಜಾಗಕ್ಕೆ ಹೋಗದೆ ಉಳಿದದ್ದು ಬೇರೆ ಜಾಗ ಇದ್ದುದಕ್ಕೆ: ಆಭರಣದ ಸಗಟು ವ್ಯಾಪಾರ, ಕಾರ್ಪೆಟ್ಟು, ಕಟ್ಟಡ ನಿರ್ಮಾಣ, ಕ್ಲಿನಿಕ್ಕು. ಅವರ ಗಿರಾಕಿಗಳು ಉಳ್ಳವರು. ಉಳ್ಳವರು ಅಂಗಡಿ ಸುಡುವುದಿಲ್ಲ, ಹೆಚ್ಚೆಂದರೆ ನಗರಸಭೆಗೆ ದೂರು ಕೊಡುತ್ತಾರೆ. ಬೆವರ್ಲಿ ಹಿಲ್ಸ್‌ನಲ್ಲಿ ಇರಾನಿಯರು ಹಳೇ ಮನೆ ಕೆಡವಿ ಕಂಬ-ಕಮಾನುಗಳ ಅರಮನೆ ಎಬ್ಬಿಸಿದಾಗ ಊರವರು ಮೂಗು ಮುರಿದರು, 2004ರಲ್ಲಿ ಮನೆಯ ವಿನ್ಯಾಸಕ್ಕೆ ಅನುಮತಿ ಬೇಕೆಂದು ನಗರಸಭೆ ನಿಯಮ ತಂದಿತು. ಅಲ್ಲಿಗೆ ಮುಗಿಯಿತು ಆ ಕಲಹ. ಮೂರೇ ವರ್ಷಕ್ಕೆ, 2007ರಲ್ಲಿ, ಶಿರಾಜ್‌ನಲ್ಲಿ ಹುಟ್ಟಿದ ಜಿಮ್ಮಿ ಡೆಲ್ಶಾದ್ ಅದೇ ಊರಿನ ಮೇಯರ್ ಆದರು.

(ಶಿರಾಜ್ ಅಂದಾಗ ಬೆಂಗಳೂರಿನವರು ಒಂದು ಕ್ಷಣ ನಿಲ್ಲಬೇಕು. 19ನೇ ಶತಮಾನದ ಮೊದಲ ಭಾಗದಲ್ಲಿ ಅಲ್ಲಿಂದ ಕುದುರೆ ಮಾರಲು ಬಂದು ದಂಡುಪ್ರದೇಶದಲ್ಲಿ ನೆಲೆ ನಿಂತ ಆಗಾ ಅಲಿ ಅಸ್ಕರ್ ಹೆಸರಿನ ರಸ್ತೆ ನಮ್ಮಲ್ಲಿದೆ. ಅವರ ಮೊಮ್ಮಗ ಮಿರ್ಜಾ ಇಸ್ಮಾಯಿಲ್ 1926ರಲ್ಲಿ ಮೈಸೂರಿನ ದಿವಾನರಾದರು. ಆಗಾ ಅವರ ಗಿರಾಕಿಗಳೂ ಬ್ರಿಟಿಷ್ ಸೇನೆಯವರು, ಅರಮನೆಯವರು.)

ಗಲಭೆಯ ನಂತರದ ಕಥೆಯೂ ಕಹಿಯೇ. ಸುಟ್ಟ ಮದ್ಯದಂಗಡಿಗಳನ್ನು ಮತ್ತೆ ಕಟ್ಟಲು ಬಿಡಬಾರದು, ನಮ್ಮ ಬಡಾವಣೆಗೆ ಹೆಂಡ ಬೇಡ ಎಂದು ಕಪ್ಪು ಸಮುದಾಯದ ಸಂಘಟನೆಗಳು ಹಟ ಹಿಡಿದವು. ಅದರ ಮುಂದಾಳುಗಳಲ್ಲಿ ಒಬ್ಬರಾದ ಕ್ಯಾರನ್ ಬ್ಯಾಸ್ ಮೂವತ್ತು ವರ್ಷದ ನಂತರ ನಗರದ ಮೇಯರ್ ಆದರು. ಅವರ ವಾದದಲ್ಲಿ ನ್ಯಾಯವಿತ್ತು. ಸಾಲ ಮಾಡಿ ಅಂಗಡಿ ಕೊಂಡ ಕೊರಿಯನ್ನರ ಅಳಲಿನಲ್ಲೂ ಇತ್ತು. ಹಲವರಿಗೆ ವಿಮೆಯ ಹಣ ಬರಲಿಲ್ಲ, ಹಲವು ಅಂಗಡಿ ಮತ್ತೆ ತೆರೆಯಲಿಲ್ಲ. ಆದರೆ ಮತ ಹಾಕುವುದು, ಇಂಗ್ಲಿಷ್ ಬಲ್ಲ ಮಕ್ಕಳನ್ನು ಮಾತಾಡಲು ಮುಂದೆ ಬಿಡುವುದು, ನಗರಸಭೆಯ ಬಾಗಿಲು ತಟ್ಟುವುದು ಅವರಿಗೆ ಅಭ್ಯಾಸವಾದದ್ದೂ ಆ ನಂತರವೇ. ಗಲಭೆ ಶುರುವಾದ ಏಪ್ರಿಲ್ 29ನ್ನು ಅವರು ಬರೀ ಅಂಕಿಯಿಂದ ಕರೆಯುತ್ತಾರೆ, ಸಾ-ಇ-ಗು, ನಾಲ್ಕು-ಎರಡು-ಒಂಬತ್ತು. 2024ರಲ್ಲಿ ನ್ಯೂಜೆರ್ಸಿಯಿಂದ ಆ್ಯಂಡಿ ಕಿಮ್ ಸೆನೆಟಿಗೆ ಆಯ್ಕೆಯಾದರು, ಕೊರಿಯನ್ ಮೂಲದ ಮೊದಲ ಸೆನೆಟರ್.

ಈಗ ಹುಟ್ಟುಗುಣದ ವಾದಕ್ಕೆ ಬರುತ್ತೇನೆ. ಇದೇ ಎರಡು ಜನಾಂಗಗಳನ್ನು ಲಾಸ್ ಏಂಜಲಿಸ್ ಬಿಟ್ಟು ಟೋಕಿಯೋದಲ್ಲಿ ನೋಡಿ. ಇರಾನಿಗೂ ಜಪಾನಿಗೂ ವೀಸಾ ಬೇಡದ ಒಪ್ಪಂದವಿತ್ತು. 1988ರಲ್ಲಿ ಇರಾಕ್ ಜೊತೆಗಿನ ಯುದ್ಧ ಮುಗಿದಾಗ ಕೆಲಸವಿಲ್ಲದ ಇರಾನಿ ಯುವಕರು ವಿಮಾನದ ಟಿಕೆಟ್ಟಿಗೆ ದುಡ್ಡು ಹೊಂದಿಸಿ ಹೊರಟರು. ಆಗ ಜಪಾನಿನಲ್ಲಿ ಕಟ್ಟಡ ಕೆಲಸಕ್ಕೆ, ಸಣ್ಣ ಕಾರ್ಖಾನೆಗಳಿಗೆ ಜನ ಸಿಗುತ್ತಿರಲಿಲ್ಲ. ಹತ್ತಾರು ಸಾವಿರ ಇರಾನಿಯರು ಅವಧಿ ಮೀರಿ ಉಳಿದು ಕೂಲಿ ಮಾಡಿದರು. ಭಾನುವಾರ ಉಎನೋ ಮತ್ತು ಯೊಯೋಗಿ ಪಾರ್ಕುಗಳಲ್ಲಿ ಸೇರುತ್ತಿದ್ದರು, ಕೆಲವರು ಅಲ್ಲಿ ನಕಲಿ ಟೆಲಿಫೋನ್ ಕಾರ್ಡು ಮಾರುತ್ತಿದ್ದರು. ಜಪಾನೀ ಪತ್ರಿಕೆಗಳಿಗೆ ಇರಾನಿ ಅಂದರೆ ಪುಂಡ ಎಂಬಂತಾಯಿತು. 1992ರ ಏಪ್ರಿಲಿನಲ್ಲಿ ಜಪಾನ್ ಆ ವೀಸಾ ಒಪ್ಪಂದವನ್ನು ತಡೆಹಿಡಿಯಿತು. ಲಾಸ್ ಏಂಜಲಿಸ್ ಉರಿದದ್ದೂ ಅದೇ ತಿಂಗಳು.

ಅದೇ ಜಪಾನಿನಲ್ಲಿ ಕೊರಿಯನ್ನರು 1910ರಿಂದ 1945ರವರೆಗೆ ವಸಾಹತಿನ ಪ್ರಜೆಗಳಾಗಿ ಬಂದವರು, ಕೆಲವರು ಬಲವಂತದ ದುಡಿಮೆಗೆ. ಯುದ್ಧ ಮುಗಿದ ಮೇಲೂ ಸುಮಾರು ಆರು ಲಕ್ಷ ಜನ ಉಳಿದರು. 1952ರಲ್ಲಿ ಅವರ ಜಪಾನೀ ಪೌರತ್ವ ಹೋಯಿತು. ಸರ್ಕಾರಿ ನೌಕರಿ ಇಲ್ಲ, ದೊಡ್ಡ ಕಂಪನಿಗಳು ಸೇರಿಸುವುದಿಲ್ಲ. ಉಳಿದದ್ದು ಗುಜರಿ, ಸುಟ್ಟ ಮಾಂಸದ ಹೋಟೆಲು, ಪಚಿಂಕೊ ಎಂಬ ಜೂಜಿನ ಅಂಗಡಿ. ಸಾಫ್ಟ್‌ಬ್ಯಾಂಕ್‌ನ ಸ್ಥಾಪಕ, ಜಪಾನಿನ ದೊಡ್ಡ ಹೂಡಿಕೆದಾರ ಮಸಯೋಶಿ ಸನ್ ಕ್ಯೂಶೂ ದ್ವೀಪದ ಇಂಥದೊಂದು ಕುಟುಂಬದವರು. ಸಣ್ಣವರಿದ್ದಾಗ ಜಪಾನೀ ಮನೆತನದ ಹೆಸರು ಇಟ್ಟುಕೊಂಡು ಓಡಾಡಿದವರು ಓದಲು ಹೋದದ್ದು ಕ್ಯಾಲಿಫೋರ್ನಿಯಾಕ್ಕೆ. ಒಂದೇ ಜನಾಂಗ, ಬೇರೆ ಬಾಗಿಲು. ಯುಗಾದಿ ಊಟದ ಸಾಲಿನ ಹಿರಿಯರು ಟೋಕಿಯೋದಲ್ಲಿದ್ದಿದ್ದರೆ ಅವರ ಗಾದೆಯೇ ತಿರುಗುಮುರುಗಾಗುತ್ತಿತ್ತು.

ನಾವು ತಲೆ ತಂದೆವು ಎಂಬ ಮಾತಿಗೂ ಇದೇ ಜರಡಿ ಹಿಡಿಯಬೇಕು. ಬೆಂಗಳೂರಿನಿಂದ ಇಲ್ಲಿಗೆ ಬಂದ ನಮ್ಮಲ್ಲಿ ಹೆಚ್ಚಿನವರು ಎಂಜಿನಿಯರಿಂಗ್ ಸೀಟು, ಕಂಪನಿಯ ಆಯ್ಕೆ, ಎಚ್-1ಬಿ ಲಾಟರಿ ಎಂಬ ಮೂರು ಜರಡಿ ದಾಟಿದವರು. ಹಾಗೆ ಉಳಿದವರ ಸಂಬಳದ ಸರಾಸರಿ ತೆಗೆದು ಅದಕ್ಕೆ ಸಂಸ್ಕೃತಿಯ ಹೆಸರು ಕೊಡುತ್ತೇವೆ. ರಾಯಚೂರಿನಿಂದ ಗುಳೆ ಹೋಗಿ ಬೆಂಗಳೂರಿನ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರೂ ಕನ್ನಡದವರೇ.

ಇಬ್ಬರ ಹಾದಿ ಕವಲೊಡೆದದ್ದಕ್ಕೆ ತವರು ದೇಶದ ಹಣೆಬರಹವೂ ಕಾರಣ. 1970ರಲ್ಲಿ ಕೊರಿಯಾ ಬಡದೇಶ, ಇರಾನ್ ಎಣ್ಣೆಯ ಮೇಲೆ ತೇಲುತ್ತಿದ್ದ ದೇಶ. ಈಗ ಅದು ತಲೆಕೆಳಗು. 1988ರ ಒಲಿಂಪಿಕ್ಸ್ ಹೊತ್ತಿಗೇ ಕೊರಿಯಾದಿಂದ ಬರುವವರ ಸಂಖ್ಯೆ ಇಳಿಯತೊಡಗಿತ್ತು, 2008ರಿಂದ ಕೊರಿಯನ್ನರು ವೀಸಾ ಇಲ್ಲದೆ ಬಂದುಹೋಗಬಹುದು. ಸಿಯೋಲ್‌ನ ಬಂಡವಾಳ ವಿಲ್‌ಶೈರ್ ರಸ್ತೆಯ ಗಗನಚುಂಬಿಗಳಾಗಿ ನಿಂತಿದೆ. ಇಲ್ಲಿ ಬೇಸರವಾದ ಎರಡನೇ ತಲೆಮಾರಿನವರು ಅಲ್ಲಿ ಹೋಗಿ ಕೆಲಸ ಹುಡುಕುತ್ತಾರೆ. ಇರಾನಿಯನಿಗೆ ಅಂಥ ಬೆನ್ನಾಸರೆ ಇಲ್ಲ. ತೆಹ್ರಾನಿನಲ್ಲಿ ಅಪ್ಪನ ಮನೆ ಮಾರಿದರೂ ಅಮೆರಿಕದ ನಿರ್ಬಂಧಗಳ ನಡುವೆ ಆ ಹಣ ತರುವುದೇ ಒಂದು ಸಾಹಸ. 2017ರ ಜನವರಿಯಲ್ಲಿ ಟ್ರಂಪ್ ಪ್ರಯಾಣ ನಿಷೇಧ ಹೇರಿದಾಗ ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದವರಲ್ಲಿ ಇರಾನಿಯರೂ ಇದ್ದರು, 2025ರಲ್ಲಿ ಮತ್ತೆ ಅಂಥದೇ ಪಟ್ಟಿ, ಅದರಲ್ಲಿ ಮತ್ತೆ ಇರಾನ್. ಉಬರ್‌ನ ಮುಖ್ಯಸ್ಥ ದಾರಾ ಖೊಸ್ರೊಶಾಹಿ ಒಂಬತ್ತನೇ ವಯಸ್ಸಿನಲ್ಲಿ ಕುಟುಂಬದ ಜೊತೆ ಇರಾನ್ ಬಿಟ್ಟವರು. ಕಂಪನಿಯ ಪಟ್ಟದಲ್ಲಿ ಕೂತರೂ ಹುಟ್ಟೂರಿನ ಅಜ್ಜಿಯನ್ನು ಕರೆಸಿಕೊಳ್ಳಲಾಗದ ಮೇಲ್ಮಧ್ಯಮವರ್ಗ ಇದು. ಗಳಿಕೆಯ ಪಟ್ಟಿಯಲ್ಲಿ ಈ ಕಾಲಂ ಇರುವುದಿಲ್ಲ.

ಸರಾಸರಿಯೊಳಗೆ ಮುಚ್ಚಿಹೋಗುವವರೂ ಇದ್ದಾರೆ. ಆದಾಯದಲ್ಲಿ ಇರಾನಿ ಕುಟುಂಬಗಳು ಕೊರಿಯನ್ ಕುಟುಂಬಗಳಿಗಿಂತ ಸ್ವಲ್ಪ ಮುಂದಿವೆ. ಸ್ವಂತ ಮನೆಯ ಲೆಕ್ಕದಲ್ಲಿ ಕೊರಿಯನ್ನರು ಏಷ್ಯನ್ನರ ಸರಾಸರಿಗಿಂತ ಹಿಂದೆ. ಜೀವನವಿಡೀ ಅಂಗಡಿ ನಡೆಸಿದವರಿಗೆ ಪಿಂಚಣಿ ಎಲ್ಲಿಂದ ಬರಬೇಕು? ಕೊರಿಯಾಟೌನಿನ ಸರ್ಕಾರಿ ಸಹಾಯದ ವೃದ್ಧರ ಮನೆಗಳಿಗೆ ಉದ್ದನೆಯ ಸರದಿ. ಅದೇ ಕೊರಿಯಾಟೌನಿನ ನಿವಾಸಿಗಳಲ್ಲಿ ಅರ್ಧದಷ್ಟು ಲ್ಯಾಟಿನೋ ಜನ, ಹೋಟೆಲಿನ ಅಡುಗೆಮನೆಗಳಲ್ಲಿ, ಹೊಲಿಗೆ ಕಾರ್ಖಾನೆಗಳಲ್ಲಿ ಕೊರಿಯನ್ ಒಡೆಯರ ಕೆಳಗೆ ದುಡಿಯುವವರು. ಅತ್ತ ಬೆವರ್ಲಿ ಹಿಲ್ಸ್‌ನ ಅರಮನೆಗಳ ಫೋಟೋ ನೋಡಿ ಇರಾನಿಯರನ್ನು ಅಳೆಯುವವರಿಗೆ ಗುಡ್ಡದಾಚೆ ಸ್ಯಾನ್ ಫರ್ನಾಂಡೊ ಕಣಿವೆಯ ಅಪಾರ್ಟ್‌ಮೆಂಟುಗಳಲ್ಲಿ ಬಾಡಿಗೆಗಿರುವವರು ಕಾಣುವುದಿಲ್ಲ.

ಎಣಿಕೆಯೇ ಸರಿಯಾಗಿಲ್ಲ ಎಂಬುದು ಇನ್ನೊಂದು ತಮಾಷೆ. ಅಮೆರಿಕದ ಜನಗಣತಿಯಲ್ಲಿ ಕೊರಿಯನ್ನರಿಗೆ ಅವರದೇ ಚೌಕ ಇದೆ, ಗುರುತು ಹಾಕಿದರೆ ಸಾಕು. ಇರಾನಿಯರು ಬಿಳಿಯರ ಚೌಕದೊಳಗೆ. ವಿಮಾನ ನಿಲ್ದಾಣದಲ್ಲಿ ಪಕ್ಕಕ್ಕೆ ಕರೆಸಿಕೊಳ್ಳುವವರು ಕಾಗದದ ಮೇಲೆ ಬಿಳಿಯರು! ವಂಶಮೂಲದ ಪ್ರಶ್ನೆಗೆ ಯಾರು ಏನು ಬರೆದರೋ ಅದರಿಂದ, ಹುಟ್ಟಿದ ದೇಶದಿಂದ ಅವರ ಸಂಖ್ಯೆ ಅಂದಾಜು ಮಾಡುತ್ತಾರೆ. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾದವರಿಗೆ ಬೇರೆ ಚೌಕ ಕೊಡಬೇಕೆಂದು 2024ರ ಮಾರ್ಚಿನಲ್ಲಿ ಸರ್ಕಾರ ತೀರ್ಮಾನಿಸಿತು. ಅದು ಜಾರಿಯಾದರೆ 2030ರ ಜನಗಣತಿಯ ನಂತರ ಎರಡೂ ಸಮುದಾಯಗಳನ್ನು ಇನ್ನಷ್ಟು ಸರಿಯಾದ ಅಂಕಿಗಳ ಮೇಲೆ ಹೋಲಿಸಬಹುದು. ನಮ್ಮ ಕೂಟದ ಹಿರಿಯರಿಗೆ ಆ ಅಂಕಿಗಳನ್ನು ತೋರಿಸುವವನು ನಾನೇ. ಅವರು ಅದರಲ್ಲೂ ತಮ್ಮ ಗಾದೆಗೆ ಬೇಕಾದ ಸಾಲನ್ನೇ ಹೆಕ್ಕಿಕೊಳ್ಳುತ್ತಾರೆ ಎಂಬ ಅನುಮಾನವಂತೂ ಇದೆ.